ಅರ್ಧ ಕ್ಷೌರಕ್ಕೆ ನಿಂತುಹೋದ ನಲ್ಲಿ

ದೆಹಲಿಯ ವಸಂತ್ ಕುಂಜ್‌ನ ನಮ್ಮ ಫ್ಲಾಟಿನ ಬಚ್ಚಲಮನೆ ನಲ್ಲಿ, ನನ್ನ ಬಲಗೆನ್ನೆಯ ಕ್ಷೌರ ಮುಗಿದು ಎಡಗೆನ್ನೆಯ ನೊರೆ ಇನ್ನೂ ಹಾಗೇ ಇದ್ದಾಗ ನಿಂತುಹೋಯಿತು. ನನಗೆ ಗಾಬರಿಯಾಗಲಿಲ್ಲ. ಸರ್ಕಾರದ ನೀರಾವರಿ ಕಚೇರಿಯಲ್ಲಿ ವರ್ಷಗಟ್ಟಲೆ ಕಡತ ನೋಡಿದವನು ನಾನು. ದೊಡ್ಡ ದೊಡ್ಡ ನದಿಗಳೇ ನನ್ನ ಸಹಿಗಾಗಿ ಮೇಜಿನ ಮೇಲೆ ಕಾದು ಕುಳಿತಿವೆ. ಈ ನಲ್ಲಿ ಯಾವ ಲೆಕ್ಕ?

"ರೀ, ಪ್ಲಂಬರ್‌ನ ಕರೀತೀನಿ," ಎಂದಳು ಹೆಂಡತಿ ವಸುಧಾ. "ಹನ್ನೊಂದಕ್ಕೆ ಹುಡುಗನ ಕಡೆಯೋರು ಬರ್ತಾರೆ. ಇವತ್ತು ನಿಮ್ಮ ಪ್ರಯೋಗ ಬೇಡ."

ಹುಡುಗನ ಕಡೆಯವರು ಎಂದರೆ ಕರೋಲ್ ಬಾಗ್‌ನಲ್ಲಿದ್ದ ಒಂದು ಕನ್ನಡದ ಕುಟುಂಬ. ಅವರು ನೋಡಲು ಬರುತ್ತಿದ್ದುದು ವಸುಧಾಳ ತಂಗಿ ಲಲಿತಾಳನ್ನು. ಅವಳು ನಮ್ಮ ಮನೆಯಲ್ಲಿದ್ದುಕೊಂಡು ಗುರ್‌ಗಾಂವ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗ, ಹುಡುಗಿ ಆಗಲೇ ಕಾಫಿ ಕುಡಿದು ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ದೊಡ್ಡವರು ಒಪ್ಪುವುದಷ್ಟೇ ಬಾಕಿ. ಆ ದೊಡ್ಡವರಿಗೂ ನನಗೂ ಫೋನಿನ ಪರಿಚಯ ಮಾತ್ರ.

"ಪೈಪಿನಲ್ಲಿ ಗಾಳಿ ಸೇರ್ಕೊಂಡಿದೆ. ಹತ್ತು ನಿಮಿಷದ ಕೆಲಸ," ಎಂದು ತೀರ್ಪು ಕೊಟ್ಟೆ.

ಮೊದಲು ನಲ್ಲಿಗೆ ಬಾಯಿಟ್ಟು ಊದಿದೆ. ಆಮೇಲೆ ಇನ್ನೂ ಬಲವಾಗಿ ಊದಿದೆ. ನನ್ನ ಕಿವಿಯಲ್ಲಿ ಏನೋ ಟಪ್ ಎಂದಿತು. ನಲ್ಲಿ ಏನೂ ಅನ್ನಲಿಲ್ಲ.

"ಭಾವ, ನಿಮ್ಮ ಮುಖ ಬದನೆಕಾಯಿ ಥರ ಆಗ್ತಿದೆ," ಎಂದಳು ಲಲಿತಾ. "ಪ್ಲೀಸ್, ಇವತ್ತೊಂದಿನ ಬಿಟ್ಬಿಡಿ."

ಬಿಡುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಅಡುಗೆಮನೆಗೆ ನೀರು ನೇರವಾಗಿ ಬೀದಿಯ ಪೈಪಿನಿಂದ ಬರುತ್ತದೆ, ಬಚ್ಚಲಿಗೆ ಛಾವಣಿಯ ಟ್ಯಾಂಕಿನಿಂದ. ಎರಡೂ ನಲ್ಲಿಗಳನ್ನು ಒಂದು ರಬ್ಬರ್ ಪೈಪಿನಿಂದ ಜೋಡಿಸಿದರೆ, ಬೀದಿ ನೀರಿನ ರಭಸಕ್ಕೆ ಗಾಳಿ ಹಿಮ್ಮೆಟ್ಟಿ ಟ್ಯಾಂಕಿಗೆ ಹೋಗಲೇಬೇಕು. ಇದು ವಿಜ್ಞಾನ. ಗಿಡಕ್ಕೆ ನೀರು ಹಾಕುವ ಪೈಪನ್ನು ನಡುಮನೆಯ ಮೂಲಕ ಎಳೆದು, ಎರಡೂ ತುದಿಗೆ ಹಳೇ ದುಪಟ್ಟಾ ಬಿಗಿದು ಕಟ್ಟಿ, ನೀರು ಬಿಟ್ಟೆ. ಒಳಗೆ ಗೊಳಗೊಳ ಸದ್ದಾಯಿತು. ವಿಜಯವನ್ನು ಕಣ್ಣಾರೆ ಕಾಣಲು ಛಾವಣಿಗೆ ಓಡಿದೆ.

ಗಾಳಿಯೇನೋ ಹೊರಟಿತ್ತು. ಆದರೆ ಟ್ಯಾಂಕು ಮೊದಲೇ ತುಂಬಿತ್ತು ಎಂಬ ವಿಷಯ ನನ್ನ ವಿಜ್ಞಾನಕ್ಕೆ ತಿಳಿದಿರಲಿಲ್ಲ. ನೀರು ಟ್ಯಾಂಕಿನ ಬಾಯಿಂದ ಉಕ್ಕಿ, ಪಕ್ಕದ ಮನೆಯ ಚಡ್ಡಾ ಆಂಟಿ ಬಿಸಿಲಿಗೆ ಹರವಿದ್ದ ರಜಾಯಿ ಎಂಬ ಹತ್ತಿ ತುಂಬಿದ ದಪ್ಪ ಹೊದಿಕೆಗಳ ಮೇಲೆ ಧಾರಾಳವಾಗಿ ಸುರಿಯುತ್ತಿತ್ತು. ದೆಹಲಿಯ ಚಳಿಗಾಲದಲ್ಲಿ ಅಕ್ಕಪಕ್ಕದವರ ರಜಾಯಿ ನೆನೆಸುವುದಕ್ಕಿಂತ ಅವರ ಮೇಲೆ ಕೇಸು ಹಾಕುವುದು ವಾಸಿ. ಬೇಗ ಕ್ಷಮಿಸುತ್ತಾರೆ.

"ಮೂರ್ತಿ ಜೀ, ಯೇ ಕ್ಯಾ ಕರ್ ದಿಯಾ?" ಮೆಟ್ಟಿಲ ಬಾಗಿಲಲ್ಲಿ ಆಂಟಿ ನಿಂತಿದ್ದರು.

ಛಾವಣಿಯ ಅಂಚಿಗೆ ಓಡಿ, ಬಗ್ಗಿ, "ವಸುಧಾ, ನಲ್ಲಿ ನಿಲ್ಸು!" ಎಂದು ಕೂಗಿದೆ.

ಕೆಳಗೆ ಆಟೋದಿಂದ ಇಳಿಯುತ್ತಿದ್ದ ಮೂವರು ತಲೆ ಎತ್ತಿದರು. ಒಬ್ಬ ಹಿರಿಯರು, ಅವರ ಹೆಂಡತಿ, ಮಿಠಾಯಿ ಡಬ್ಬಿ ಹಿಡಿದ ಹುಡುಗ. ಭಾನುವಾರ ರಸ್ತೆ ಖಾಲಿ ಇದ್ದದ್ದರಿಂದ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ದರು.

"ಭಾಯಿ ಸಾಬ್, ಮೂರ್ತಿ ಜೀ ಕಾ ಘರ್?" ಎಂದು ದೆಹಲಿಯ ಅಭ್ಯಾಸದಂತೆ ಹಿಂದಿಯಲ್ಲೇ ನನ್ನ ಮನೆ ಕೇಳಿದರು ಹಿರಿಯರು.

ಸತ್ಯ ಹೇಳಬಹುದಿತ್ತು. ಆದರೆ ಒಂದು ಕೆನ್ನೆಯಲ್ಲಿ ಒಣಗಿದ ನೊರೆ, ಮೈಮೇಲೆ ಒದ್ದೆ ಬನಿಯನ್, ಬೆನ್ನ ಹಿಂದೆ ಚಡ್ಡಾ ಆಂಟಿ. "ಆಗೇ, ಆಗೇ," ಎಂದು ನಾನೂ ಹಿಂದಿಯಲ್ಲೇ ಹೇಳಿ, ಮುಂದಕ್ಕೆ ಕೈ ಬೀಸಿ, ನನ್ನ ಮನೆಗೆ ಬಂದ ಅತಿಥಿಗಳನ್ನು ಮುಂದಿನ ಬ್ಲಾಕಿಗೆ ಕಳಿಸಿಬಿಟ್ಟೆ.

ಅವರು ಅಲ್ಲೆಲ್ಲ ಅಲೆದು, ಹುಡುಗ ಲಲಿತಾಳ ಮೊಬೈಲಿಗೆ ಫೋನ್ ಮಾಡಿ ದಾರಿ ಕೇಳಿಕೊಂಡು ವಾಪಸು ಬರುವಷ್ಟರಲ್ಲಿ, ವಸುಧಾ ನಲ್ಲಿ ನಿಲ್ಲಿಸಿ, ಪೈಪು ಬಿಚ್ಚಿ, ನಮ್ಮ ಒಣ ರಜಾಯಿಗಳನ್ನು ಆಂಟಿಗೆ ಒಪ್ಪಿಸಿದ್ದಳು. ನಾನು ಅಡುಗೆಮನೆ ನೀರಿನಲ್ಲಿ ಕ್ಷೌರ ಮುಗಿಸಿ, ಇಸ್ತ್ರಿ ಜುಬ್ಬಾ ಹಾಕಿಕೊಂಡು, ಬಾಗಿಲಲ್ಲಿ ಕೈಮುಗಿದು ನಿಂತಿದ್ದೆ.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ," ಎಂದರು ಹಿರಿಯರು.

"ಕನ್ನಡ ಸಂಘದಲ್ಲಿರಬೇಕು," ಎಂದೆ.

"ಸಂಘದಲ್ಲಲ್ಲ, ಛಾವಣಿ ಮೇಲೆ," ಎಂದರು ಅವರ ಹೆಂಡತಿ ತಣ್ಣಗೆ. "ಕನ್ನಡದಲ್ಲಿ ಕೂಗ್ತಿದ್ರಿ. ನಾವು ಮನೆ ಕೇಳಿದ ಕೂಡ್ಲೇ ಹಿಂದಿಗೆ ತಿರುಗಿದ್ರಿ."

ಕಾಫಿ ತಟ್ಟೆ ಹಿಡಿದ ಲಲಿತಾ ನಿಂತಲ್ಲೇ ನಿಂತಳು. ಅವಳ ಕಣ್ಣು ತುಂಬಿದ್ದು ನೋಡಿ, ನಡೆದದ್ದನ್ನೆಲ್ಲ ಒಪ್ಪಿಸಿ ಕ್ಷಮೆ ಕೇಳಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. "ಆದ್ರೂ ನಲ್ಲಿ ಮಾತ್ರ ಈಗ ಸರಿಯಾಗಿದೆ," ಎಂದು ಸೇರಿಸಿದೆ.

"ಅಚ್ಛಾ? ಹಾಗಾದ್ರೆ ಅಲ್ಲೇ ಕೈ ತೊಳ್ಕೊಳ್ತೀನಿ," ಎಂದು ಹಿರಿಯರು ದೊಡ್ಡ ಮನಸ್ಸು ಮಾಡಿ ಎದ್ದರು.

ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ, ನಾನು ಕೆಳಗಿನಿಂದ ನೀರು ನುಗ್ಗಿಸಿ ಕದಡಿದ್ದ ಟ್ಯಾಂಕಿನ ಕೆಸರನ್ನೆಲ್ಲ ಅವರ ಬಿಳಿ ಅಂಗಿಯ ಮೇಲೆ ಉಗುಳಿತು.

ಮೊದಲು ನಕ್ಕವನು ಹುಡುಗ. ಅವನನ್ನು ನೋಡಿ ಲಲಿತಾ ನಕ್ಕಳು. ನನ್ನ ಇನ್ನೊಂದು ಜುಬ್ಬಾದೊಳಗೆ ಹೇಗೋ ತೂರಿಕೊಂಡು ಬಂದ ಹಿರಿಯರೂ ನಕ್ಕರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನನ್ನನ್ನು ಹತ್ತಿರ ಕರೆದರು.

"ಲಲಿತಾ ನಿಮ್ಮ ಹೆಂಡತಿಯ ತಂಗಿ, ಅಲ್ವಾ?"

"ಹೌದು."

"ನಿಮ್ಮ ಕಡೆಯಿಂದ ಬೇರೆ ರಕ್ತಸಂಬಂಧ ಏನೂ ಇಲ್ಲ ತಾನೆ?"

"ಇಲ್ಲ."

ಆಕೆಯ ಮುಖದಲ್ಲಿ ಮೊದಲ ಬಾರಿಗೆ ನೆಮ್ಮದಿ ಕಾಣಿಸಿತು.

"ಹಾಗಾದ್ರೆ ನಮ್ಮ ಒಪ್ಪಿಗೆ ಇದೆ."