ಮಾವನ ಕಾಲುವೆಯಲ್ಲಿ ನನ್ನ ಸಮಾಜಸೇವೆ

...ಅಲ್ಲ, ಮೊದಲ ಚೀಲ ಎತ್ತಿದ್ದು ನಾನಲ್ಲ. ಅಥವಾ ನಾನೇ ಇರಬೇಕು. ಫೋಟೋದಲ್ಲಿ ಚೀಲ ಹಿಡಿದು ಹಲ್ಲು ಕಿರಿಯುತ್ತಿರುವವನು ನಾನೇ; ಆದರೆ ಮೊದಲನೆಯದು ಚೆನ್ನಾಗಿ ಬರಲಿಲ್ಲವೆಂದು ಆ ಫೋಟೋಕ್ಕೆ ಎರಡನೇ ಸಲ ನಿಂತಿದ್ದೆವು. ಹಾಗಾಗಿ ಅದು ಸಾಕ್ಷಿಯಲ್ಲ. ನನ್ನ ನೆನಪು ಅದಕ್ಕಿಂತ ಕಡೆ.

ಇಷ್ಟು ಖಚಿತ. ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಶಿಕ್ಷಕರ ವಾಟ್ಸಾಪ್ ಗುಂಪಿಗೆ ಲಿಂಗಸುಗೂರಿನ ಮಕ್ಕಳು ರಸ್ತೆ ಗುಡಿಸಿದ ಫೋಟೋ ಬಂತು. ಬೆನ್ನಿಗೇ ಮಸ್ಕಿಯ ಮಕ್ಕಳು ಸಸಿ ನೆಟ್ಟದ್ದೂ ಬಂತು. ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆದು, "ಏನ್ರಿ ಮಾಸ್ತರ, ನಮ್ಮ ಹುಡುಗರಿಗೆ ನಾಗರಿಕ ಪ್ರಜ್ಞೆ ಇಲ್ಲೇನ್ರಿ?" ಎಂದರು. ಫೋಟೋ ಇಲ್ಲವೇ ಎಂದು ಅದರ ಅರ್ಥ.

ನಾನು ತಕ್ಷಣ ಕಾಲುವೆ ಸ್ವಚ್ಛತಾ ಅಭಿಯಾನ ಘೋಷಿಸಿದೆ. ಜವಳಗೇರಾ ದಾಟಿದರೆ ನನ್ನ ಮಾವನವರ ಊರು. ಊರ ಪಕ್ಕದಲ್ಲೇ ಕಾಲುವೆ. ಮಕ್ಕಳಿಗೆ ನಾಷ್ಟಾ ಮಾವನ ಮನೆಯಲ್ಲಿ! ಸಮಾಜಸೇವೆಗೆ ಇದಕ್ಕಿಂತ ಯೋಗ್ಯ ಸ್ಥಳ ಜಿಲ್ಲೆಯಲ್ಲೇ ಇರಲಿಲ್ಲ.

ಮಾವನವರು ಮಂಡಕ್ಕಿ ಸೂಸ್ಲಾ, ಮಿರ್ಚಿ ಮಾಡಿಸಿ ಒಂಬತ್ತನೇ ತರಗತಿಗೆಲ್ಲ ಉಣಿಸಿದರು. "ಒಳ್ಳೇ ಕೆಲಸ ಅಳಿಯಂದ್ರ. ನಮ್ಮ ಭತ್ತ ಹಾಲುಗಾಳು ಹಿಡದೈತಿ. ಇದೊಂದು ನೀರು ಆತಂದ್ರ ಗೆದ್ವಿ. ನಾಡಿದ್ದು ಕಾಲುವೆ ಬಂದ್ ಆಗ್ತೈತಂತ," ಎಂದು ಹೇಳಿ ಸಂತೆಗೆ ಹೋದರು.

ನಾವು ಮೊಣಕಾಲುದ್ದ ನೀರಿಗೆ ಇಳಿದೆವು. ಬಾಟಲಿ, ಚಪ್ಪಲಿ, ಜೊಂಡು, ಯಾರದೋ ಹಳೆಯ ಕೌದಿ, ಎಲ್ಲ ಎತ್ತಿದೆವು. ಆಮೇಲೆ ಚೀಲಗಳು ಸಿಕ್ಕವು. ಮಣ್ಣು ತುಂಬಿದ ಗೊಬ್ಬರದ ಚೀಲಗಳು, ಈ ದಂಡೆಯಿಂದ ಆ ದಂಡೆಯವರೆಗೆ.

ರಜಿಯಾ ಎಂಬ ಹುಡುಗಿ ಸೊಂಟಕ್ಕೆ ದುಪಟ್ಟಾ ಬಿಗಿದು ನಿಂತಿದ್ದಳು. "ಸರ್, ಕಸ ಯಾರರ ಇಷ್ಟು ಚಂದ ಜೋಡಸ್ತಾರೇನ್ರಿ? ಯಾರನ್ನರ ಒಂದ್ಮಾತು ಕೇಳೂಣ್ರಿ."

"ಒಳ್ಳೆಯ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ!" ಎಂದು ಗುಡುಗಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಹೊಡೆದರೆಂದೇ ನನ್ನ ನೆನಪು.

ಚೀಲಗಳು ಹೋದವು. ನೀರು ಹೋ ಎಂದು ಕೆಳಗೆ ನುಗ್ಗಿತು. ದಂಡೆಯಲ್ಲಿ ಒಂದು ಪೈಪಿನ ಬಾಯಿ ಒಣಗಿ, ಆಕಾಶ ನೋಡತೊಡಗಿತು. ಅದು ಮಾವನ ಹೊಲಕ್ಕೆ ನೀರು ಹೋಗುವ ಪೈಪು!

ಇದು ತಲೆಗೆ ಹೊಳೆಯುವಷ್ಟರಲ್ಲಿ ಕೆಳಗಿನ ಊರಿನವರು ಟ್ರ್ಯಾಕ್ಟರ್ ತುಂಬಿಕೊಂಡು ಬಂದರು. ಹೊಡೆಯಲು ಎಂದುಕೊಂಡೆ. ಶಾಲು ಹೊದಿಸಿದರು! "ವರ್ಷಗಟ್ಲೆ ಆಫೀಸಿಗೆ ಅಡ್ಡಾಡಿದ್ವಿ ಮಾಸ್ತರ. ಮ್ಯಾಲಿನವರು ಅಡ್ಡ ಹಾಕಿದ ಚೀಲ ಯಾರೂ ತಗೀಲಿಲ್ಲ. ನೀವು ಗಂಡಸು ನೋಡ್ರಿ!" ನನ್ನ ಹೆಂಡತಿಯ ಪ್ರಕಾರ ಮಾಲೆಯನ್ನೂ ಹಾಕಿದ್ದರು. ನನಗೆ ಬರೀ ಶಾಲು ನೆನಪಿದೆ. ಅವಮಾನದಲ್ಲಿ ಸ್ವಲ್ಪ ಉಳಿತಾಯವಾಗಲೆಂದು ಮಾಲೆಯನ್ನು ಮರೆತಿರಬಹುದು.

ಅದೇ ಗಳಿಗೆಗೆ ಮಾವನವರು ಸಂತೆಯಿಂದ ಬಂದರು. ಪೈಪು ನೋಡಿದರು. ನನ್ನನ್ನು ನೋಡಿದರು. "ಶಾಲು ಚಂದ ಐತ್ರಿ ಅಳಿಯಂದ್ರ," ಎಂದರು. ಉಳಿದದ್ದನ್ನು ಮಗಳಿಗೆ ಫೋನ್ ಮಾಡಿ ಹೇಳಿದರು.

ಹೆಂಡತಿ ಫೋನಿನಲ್ಲಿ ಎಲ್ಲವನ್ನೂ ಅಂದಳು. "ನಮ್ಮಪ್ಪನ ಮಿರ್ಚಿ ತಿಂದು ನಮ್ಮಪ್ಪನ ನೀರು ತಪ್ಪಿಸಿದ್ರೇನ್ರಿ? ಆ ಚೀಲ ಮೊದಲಿದ್ದಂಗ ಇಟ್ಟು ಮನಿಗೆ ಬರ್ರಿ. ಇಲ್ಲಾಂದ್ರ ಶಾಲು ಹೊತ್ಕೊಂಡು ಸಾಲ್ಯಾಗ ಮಲಕೋರಿ!"

ಚೀಲ ಮತ್ತೆ ಇಡಲು ಮಕ್ಕಳಿಗೆ ಆಜ್ಞಾಪಿಸಿದೆ. ರಜಿಯಾ ಕೇಳಿದಳು: "ಸರ್, ತಗದಿದ್ದು ಸೇವಾನೋ, ಇಡೂದು ಸೇವಾನೋ? ವರದಿಯಾಗ ಏನ್ ಬರೀಲ್ರಿ?" ಕೆಳಗಿನ ಊರಿನವರು ಚೀಲಗಳ ಮೇಲೆಯೇ ಕುಳಿತುಬಿಟ್ಟರು.

ಆಗ ನಾನೊಂದು ಐತಿಹಾಸಿಕ ರಾಜಿಸೂತ್ರ ಮಂಡಿಸಿದೆ: ಅರ್ಧ ಚೀಲ ಇಡುವುದು, ಅರ್ಧ ಬಿಡುವುದು. ಇಟ್ಟೆವು. ನೀರು ಮಾವನ ಪೈಪಿಗೆ ಏರಲಿಲ್ಲ, ಕೆಳಗಿನ ಊರಿಗೆ ಸಾಲಲಿಲ್ಲ. ಮಧ್ಯದಲ್ಲಿ ದಂಡೆ ಒಡೆದು ರಸ್ತೆಗೆ ಹರಿಯಿತು! ಎರಡೂ ಊರಿನವರು ಒಂದಾದರು. ನನ್ನನ್ನು ಬೈಯಲು.

ಕೊನೆಗೆ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಬೈಕಿನಲ್ಲಿ ಬಂದ. ನಾನು ಆಸೆಯಿಂದ ಎಲ್ಲ ವಿವರಿಸಿದೆ. ಅವನು ಕಾಲುವೆ ನೋಡದೆಯೇ, "ಇಲ್ಲಿ ಚೀಲ ಇಲ್ರಿ ಮಾಸ್ತರ. ಮೊದಲೂ ಇದ್ದಿದ್ದಿಲ್ಲ. ಹಂಗಂತ ಸಾಹೇಬ್ರು ಮ್ಯಾಲೆ ಬರ್ದು ಕಳಿಸ್ಯಾರ. ಇಲ್ಲದ ಚೀಲ ನೀವು ಹೆಂಗ ತಗದ್ರಿ?" ಎಂದು ಕೇಳಿ, ಒಂದು ಮಿರ್ಚಿ ಉಳಿದಿದೆಯೇ ಎಂದು ವಿಚಾರಿಸಿದ.

ಸಂಜೆ ಎರಡೂ ಊರಿನ ಹಿರಿಯರು ನನ್ನನ್ನೂ ಮಕ್ಕಳನ್ನೂ ಬಸ್ಸು ಹತ್ತಿಸಿ, ತಾವೇ ಮಾತಾಡಿಕೊಳ್ಳುತ್ತೇವೆ ಎಂದರು. ಏನು ಮಾತಾಡಿದರು, ಯಾರಿಗೆ ಎಷ್ಟು ನೀರು ಬಿಟ್ಟರು, ನನಗೆ ಯಾರೂ ಹೇಳಿಲ್ಲ. ಮಾವನವರು ಹೇಳಿದ್ದಂತೆಯೇ ಕಾಲುವೆ ಬಂದ್ ಆಯಿತು. ಕಟಾವೂ ಮುಗಿಯಿತು.

ಸುಗ್ಗಿ ಮುಗಿದ ಮೇಲೆ ಮಾವನವರು ನಮ್ಮ ಮನೆಗೆ ಹೊಸ ಅಕ್ಕಿ ಕಳಿಸುವುದು ವಾಡಿಕೆ. ಈ ಸಲ ಬಂದಿಲ್ಲ. ಹೆಂಡತಿಗೆ ಕಾರಣ ಗೊತ್ತು, ಹೇಳುವುದಿಲ್ಲ. ಜೊಳ್ಳಾದದ್ದು ಭತ್ತವೋ ಅಳಿಯನೋ, ನನಗೆ ಇನ್ನೂ ತಿಳಿದಿಲ್ಲ.