ಸೆಲ್ಫ್ ಎಕ್ಸ್‌ಪ್ಲನೇಟರಿ

ಹೆಡ್ಡಾಫೀಸಿನಿಂದ ಬಂದ ಮೂರು ಪುಟದ ಇಂಗ್ಲಿಷ್ ಪತ್ರದ ಮೇಲೆ ಸುಬ್ಬರಾಯ ಸಾಹೇಬರು ಎರಡೇ ಸಾಲು ಬರೆದಿದ್ದರು: 'ಪತ್ರ ಸೆಲ್ಫ್ ಎಕ್ಸ್‌ಪ್ಲನೇಟರಿ. ಮೂರು ಗಂಟೆಯೊಳಗೆ ಸೆಕ್ಷನ್ನಿನಿಂದ ಒಂದು ಹೆಸರು ಕೊಡಿ.' ಅಂದರೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಪತ್ರವೇ ತನ್ನ ಅರ್ಥ ಹೇಳಿಕೊಳ್ಳುತ್ತದೆ. ಅಮರೇಶಪ್ಪ ನಾಲ್ಕು ಸಲ ಓದಿದ. ಪತ್ರ ಬಾಯಿ ಬಿಡಲಿಲ್ಲ.

ತಿಳಿದದ್ದು 'ಕಂಪ್ಯೂಟರ್' ಎಂಬ ಒಂದೇ ಶಬ್ದ. ಹೈದರಾಬಾದಿಗೆ ಆಗ ಅದರದೇ ಹುಚ್ಚು. ಅಮೀರ್‌ಪೇಟೆಯಲ್ಲಿ ಇಡ್ಲಿ ಬಂಡಿಗಳಿಗಿಂತ ಕಂಪ್ಯೂಟರ್ ಕ್ಲಾಸುಗಳೇ ಹೆಚ್ಚಾಗಿದ್ದವು. ರಾಯಚೂರಿನಿಂದ ಬಂದು ಈ ಸರಕಾರಿ ಕಾರ್ಖಾನೆಯ ಟಪಾಲು ವಿಭಾಗದಲ್ಲಿ ಹದಿನೆಂಟು ವರ್ಷ ಲಕೋಟೆ ಅಂಟಿಸಿದವನು ಅಮರೇಶಪ್ಪ. ಮಕ್ಕಳಿಬ್ಬರೂ ಇನ್ನೂ ಓದುತ್ತಿದ್ದರು. "ಹೆಂಗರ ಮಾಡಿ ಆ ಕಂಪ್ಯೂಟರ್ ಖೋಲಿ ಸೇರ್ರಿ, ಇಲ್ಲಾಂದ್ರ ನೌಕರಿ ಉಳಿಯಂಗಿಲ್ಲ" ಎಂದು ಹೆಂಡತಿ ಶರಣಬಸಮ್ಮ ದಿನಾ ತಲೆ ತಿನ್ನುತ್ತಿದ್ದಳು.

ಪಕ್ಕದ ಮೇಜಿನ ಗಿರಿಜಾಬಾಯಿಗೆ ಪತ್ರ ಚಾಚಿದ. "ಅಕ್ಕಾರ, ಇದರಾಗ ಏನ್ ಬರದಾರ್ರಿ?"

ಆಕೆ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿದಳು. "ಸೆಲ್ಫ್ ಎಕ್ಸ್‌ಪ್ಲನೇಟರಿ ಐತಲ್ರಿ. ನಾ ಏನ್ ಹೇಳ್ಲಿ?"

ಪಾಪ, ಈಕೆಗೂ ತಿಳಿದಿಲ್ಲ ಎಂದುಕೊಂಡ ಅಮರೇಶಪ್ಪ, ಎದುರಿಗಿದ್ದ ತಿಪ್ಪೇಸ್ವಾಮಿಯನ್ನು ಕೇಳಿದ. ಅವನು ಓದಿ, ಹಣೆ ಒರೆಸಿಕೊಂಡು, "ಎಲ್ಲಾ ಅದರಾಗ ಐತ್ರಿ ಕಾಕಾ. ನಿಮಗ ನಾ ಹೇಳೋದೇನ್ರಿ?" ಎಂದ. ಅಲ್ಲದೆ, ಹತ್ತು ವರ್ಷದಲ್ಲಿ ಯಾರಿಗೂ ಚಹಾ ಕುಡಿಸದವನು ಅಂದು ಕುಡಿಸಿದ. ಇವನೂ ನನ್ನಂಥ ಹೆಬ್ಬೆಟ್ಟಿನವನೇ ಎಂದು ಅಮರೇಶಪ್ಪನಿಗೆ ಧೈರ್ಯ ಬಂತು. ಕುರುಡರ ನಡುವೆ ಬಾಯಿ ಮಾಡಿದವನೇ ಪಂಡಿತ!

ಊಟದ ಹೊತ್ತಿಗೆ ತಾನೇ ಅರ್ಥ ಹೇಳಲು ನಿಂತ. "ಕಂಪ್ಯೂಟರ್ ಬರಾಕತ್ತಾವು. ಸೆಕ್ಷನ್ನಿಗೊಬ್ಬರನ್ನ ಟ್ರೇನಿಂಗಿಗೆ ಕಳಸ್ತಾರಂತ. ನನ್ನ ಹೆಸರು ಕೊಡ್ಲೇನು? ಯಾರದರ ತಕರಾರು ಐತೇನು?"

"ನಿಮ್ಮಂಥ ಯೋಗ್ಯರು ಯಾರದಾರ್ರಿ!" ಎಂದಳು ಗಿರಿಜಾಬಾಯಿ, ತನ್ನ ಡಬ್ಬಿಯ ಹೋಳಿಗೆಯನ್ನೇ ಅವನಿಗೆ ಬಡಿಸುತ್ತ. ತಿಪ್ಪೇಸ್ವಾಮಿ ಪೆನ್ನು ಕೊಟ್ಟ. ಇಂಥ ಒಳ್ಳೆಯವರನ್ನು ಇಷ್ಟು ವರ್ಷ ತಪ್ಪು ತಿಳಿದೆನಲ್ಲ ಎಂದು ಅಮರೇಶಪ್ಪನ ಕಣ್ಣು ತುಂಬಿತು.

ಮೂರು ಗಂಟೆಗೆ ಚೀಟಿ ನೋಡಿದ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಪತ್ರ ಪೂರ್ತಿ ಓದಿದ್ರಾ?"

"ಸೆಲ್ಫ್ ಎಕ್ಸ್‌ಪ್ಲನೇಟರಿ ಐತ್ರಿ ಸಾಹೇಬ್ರ."

ಸಾಹೇಬರು ಫ್ಯಾಕ್ಸ್ ಕಳಿಸಿ ಬಂದು ಅವನ ಕೈ ಹಿಡಿದರು. "ದೊಡ್ಡ ಮನಸ್ಸು ರೀ ನಿಮ್ದು! ಕಂಪ್ಯೂಟರ್ ಬರ್ತಿದೆ, ಸೆಕ್ಷನ್ನಿಗೊಬ್ಬರು ತಾವಾಗೇ ಕೆಲಸ ಬಿಡಬೇಕು ಅಂದ್ರೆ ಯಾರು ಮುಂದೆ ಬರ್ತಾರೆ?"

ಅಮರೇಶಪ್ಪ ಮೇಜಿನ ಮೇಲಿನ ಚೀಟಿಗೆ ಕೈ ಚಾಚಿದ. "ಸಾಹೇಬ್ರ, ಅದು... ಯಾರಿಗೂ ತಿಳಿದಿಲ್ರಿ..."

"ತಿಳೀದೆ ಏನು? ಗಿರಿಜಾಬಾಯಿ, ತಿಪ್ಪೇಸ್ವಾಮಿ ಇಬ್ರೂ ಹನ್ನೊಂದು ಗಂಟೆಗೇ ಬಂದು, ತಮ್ಮ ಹೆಸರು ಹಾಕಬೇಡಿ ಅಂತ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟು ಹೋದ್ರು. ಫ್ಯಾಕ್ಸ್ ಹೋಗಿದೆ, ಇನ್ನು ಏನೂ ಮಾಡಕ್ಕಾಗಲ್ಲ. ನಿಮ್ಮ ಕೆಲಸ ತಿಪ್ಪೇಸ್ವಾಮಿಗೆ ಹೇಳಿಕೊಟ್ಟುಬಿಡಿ."

ಮೋಸ ಹೋದ ಸಿಟ್ಟಿಗಿಂತ, ನನ್ನ ಬಾಯಿಂದಲೇ ಕೆಲಸ ಕಳೆದುಕೊಂಡೆನಲ್ಲ ಎಂಬ ಸಂಕಟವೇ ಅಮರೇಶಪ್ಪನನ್ನು ಹೆಚ್ಚು ಸುಟ್ಟಿತು. ಹೊರಗೆ ತಿಪ್ಪೇಸ್ವಾಮಿ ಆಗಲೇ ಹೊಸ ನೋಟುಪುಸ್ತಕ ತೆರೆದು ಕೂತಿದ್ದ.

"ಸಾವಕಾಶ ಬಿಡಿಸಿ ಹೇಳ್ರಿ ಕಾಕಾ. ನನಗ ಲಗೂನ ತಿಳಿಯಂಗಿಲ್ಲ."

ಅಮರೇಶಪ್ಪ ಐದು ಗಂಟೆಯವರೆಗೂ ಬಿಡಿಸಿ ಹೇಳಿದ.