ಸರ್ವೆ ನಂಬರ್ ಎಂಬತ್ತೆಂಟರ ಕುದುರೆಗಳು

ತಕರಾರಪ್ಪನವರಿಗೆ ಮೂರು ವಾರದಿಂದ ಊಟ ರುಚಿಸುತ್ತಿರಲಿಲ್ಲ. ಹೊಟ್ಟೆಯಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಪತ್ರಿಕೆಯಲ್ಲಿ. ಸೋಮವಾರದ ಪತ್ರಿಕೆಯ ಏಳನೆಯ ಪುಟದಲ್ಲಿ, ಕಳೆದುಹೋದ ನಾಯಿಗಳ ಜಾಹೀರಾತಿನ ಕೆಳಗೆ, ಯೋಜನಾ ಕಚೇರಿಯ ಪ್ರಕಟಣೆಗಳು ಬರುತ್ತವೆ. ಇಂಥ ಸರ್ವೆ ನಂಬರಿನಲ್ಲಿ ಇಂಥದ್ದನ್ನು ಕಟ್ಟಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ಬರೆದು ತಿಳಿಸುವುದು. ಊರಿಗೆ ಊರೇ ಆ ಪುಟವನ್ನು ಕಿಟಕಿಯ ಗಾಜು ಒರೆಸಲು ಬಳಸಿದರೆ, ತಕರಾರಪ್ಪನವರು ಮಾತ್ರ ಅದನ್ನು ತಮ್ಮೊಬ್ಬರಿಗೇ ಬರೆದ ಓಲೆಯೆಂಬಂತೆ ಓದುತ್ತಿದ್ದರು. ಮೂರು ಸೋಮವಾರಗಳಿಂದ ಯಾವ ಪುಣ್ಯಾತ್ಮನೂ ಏನನ್ನೂ ಕಟ್ಟಲು ಹೊರಟಿರಲಿಲ್ಲ.

ತಕರಾರಪ್ಪ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ದಯಪಾಲಿಸಿದ ಬಿರುದು. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಬೇರೆಯವರ ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿದ್ದ ಮನುಷ್ಯನನ್ನು ಒಮ್ಮೆಗೇ ಸುಮ್ಮನೆ ಕೂರು ಎಂದರೆ ಹೇಗೆ ಕೂತಾನು? ಮೊದಲ ವಾರ ಅಡುಗೆಮನೆಯನ್ನು ತಿದ್ದಲು ಹೋದರು. (ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಚೀಟಿ ಅಂಟಿಸಿದರು. ಉಪ್ಪು ಹುಡುಕಲು ಹೆಂಡತಿಗೆ ಅರ್ಧ ದಿನ ಹಿಡಿಯಿತು, ಚೀಟಿಗಳನ್ನು ಕಿತ್ತೆಸೆಯಲು ಎರಡು ನಿಮಿಷ.) ಅಲ್ಲಿಂದ ಗಡೀಪಾರಾದ ಮೇಲೆ ಅವರ ಕೆಂಪು ಶಾಯಿ ಲೋಕಕಲ್ಯಾಣದ ಕಡೆ ತಿರುಗಿತು. ಪೆಟ್ರೋಲ್ ಬಂಕಿಗೆ ಆಕ್ಷೇಪಣೆ, ಈಜುಕೊಳಕ್ಕೆ ಆಕ್ಷೇಪಣೆ, ಹಲ್ಲಿನ ಆಸ್ಪತ್ರೆಗೂ ಆಕ್ಷೇಪಣೆ (ರೋಗಿಗಳ ಚೀರಾಟದಿಂದ ಶಬ್ದಮಾಲಿನ್ಯ). ಬಂಕು, ಕೊಳ, ಆಸ್ಪತ್ರೆ ಮೂರೂ ಎದ್ದು ನಿಂತವು ಅನ್ನುವುದು ಬೇರೆ ಮಾತು.

ನಾಲ್ಕನೆಯ ಸೋಮವಾರ ಹೆಂಡತಿ ಕಾಫಿಯ ಜೊತೆ ಪತ್ರಿಕೆಯನ್ನೂ ತಂದು ಮುಂದಿಟ್ಟರು. ಏಳನೆಯ ಪುಟವೇ ಮೇಲಕ್ಕಿತ್ತು. ಕಾಫಿ ಆರಿತು, ತಕರಾರಪ್ಪನವರ ಮುಖ ಅರಳಿತು.

"ಸಿಕ್ತು ಕಣೇ. ಸರ್ವೆ ನಂಬರ್ ಎಂಬತ್ತೆಂಟು. ಕುದುರೆ ಸವಾರಿ ಕೇಂದ್ರ ಮಾಡ್ತಾರಂತೆ. ಲಾಯವಂತೆ, ಸವಾರಿ ಬಯಲಂತೆ, ಹುಲ್ಲಿಡೋ ಕೊಟ್ಟಿಗೆಯಂತೆ. ಅದೂ ಹಳ್ಳಿ ಕಡೆ, ಹೊಲಗಳ ಮಧ್ಯೆ."

"ಒಳ್ಳೇದೇ ಅಲ್ವಾ? ಮಕ್ಕಳು ಕಲೀತಾರೆ."

"ಏನು ಒಳ್ಳೇದು? ಕುದುರೆ ಅಂದ್ರೆ ಲದ್ದಿ. ಲದ್ದಿ ಅಂದ್ರೆ ನೊಣ. ನೊಣ ಅಂದ್ರೆ ಕಾಯಿಲೆ. ಸವಾರಿ ಕಲಿಯೋಕೆ ಹೋದವರು ಮಲಗಿಕೊಂಡು ವಾಪಸ್ ಬರ್ತಾರೆ."

ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತ ಹೇಳಿದರು, "ಪೇಟೇಲಿರೋ ಹಳೇ ಸವಾರಿ ಶಾಲೆ ಮುಚ್ತಾ ಇದೆಯಲ್ಲ, ಅಲ್ಲಿನ ನಾಲ್ಕು ಕುದುರೇನ ಇವರು ತಗೋತಾರಂತೆ. ತಿಂಗಳ ಕೊನೆಯೊಳಗೆ ಅನುಮತಿ ಸಿಗದಿದ್ರೆ ಅವನ್ನ ಲಾರಿ ಹತ್ತಿಸಿ ಕಳಿಸಿಬಿಡ್ತಾರಂತೆ. ವಯಸ್ಸಾದ ಕುದುರೆಗಳು. ಎಲ್ಲಿಗೆ, ಯಾಕೆ ಅಂತ ಯಾರೂ ಬಾಯಿ ಬಿಡ್ತಿಲ್ಲ."

"ನಿಂಗ್ಯಾರು ಹೇಳಿದ್ದು?"

"ತರಕಾರಿ ಅಂಗಡೀಲಿ ಮಾತಾಡ್ಕೋತಿದ್ರು."

"ತಿಂಗಳ ಕೊನೇನಾ? ಹಾಗಾದ್ರೆ ನಾನು ಇವತ್ತೇ ಬರೀಬೇಕು," ಎಂದು ತಕರಾರಪ್ಪನವರು ಎದ್ದರು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪುಟ, ಆರು ಆಕ್ಷೇಪಣೆ. ಓದಿ ಹೇಳುವಾಗ ಅವರಿಗೆ ಸ್ವಲ್ಪ ಅಳುಕಿತ್ತು. ಹೆಂಡತಿಗೆ ಕುದುರೆಯ ಹುಚ್ಚು. ಆಕೆಯ ಅಪ್ಪ ಕುದುರೆ ಗಾಡಿ ಓಡಿಸುತ್ತಿದ್ದವರು. ಏಳನೆಯ ವಯಸ್ಸಿಗೇ ಆಕೆ ಜೀನಿಲ್ಲದ ಬೆನ್ನ ಮೇಲೆ ಕೂತು ಅಪ್ಪನಿಗೆ ಬುತ್ತಿ ಕೊಟ್ಟು ಬರುತ್ತಿದ್ದರಂತೆ. ಮದುವೆಯಾದ ಮೊದಲ ವಾರ, "ಒಂದು ದಿನ ನಂದೇ ಅಂತ ಒಂದು ಕುದುರೆ ಇರ್ಬೇಕು," ಎಂದಿದ್ದರು. ಗಂಡ "ನೋಡೋಣ" ಎಂದಿದ್ದರು. ಆ ನೋಡೋಣಕ್ಕೆ ಈಗ ಮೂವತ್ತನಾಲ್ಕು ವರ್ಷ. ಹಾಗಾಗಿ ಜಗಳಕ್ಕೆ ಸಿದ್ಧರಾಗಿಯೇ ಓದಿದರು. ಜಗಳ ಬರಲಿಲ್ಲ.

"ಚೆನ್ನಾಗಿ ಬರೆದಿದೀರಿ," ಎಂದರು ಹೆಂಡತಿ. "ಆದ್ರೆ ಬೀಳೋರ ವಿಷಯ ಬಿಟ್ಟುಬಿಟ್ರಲ್ಲ. ಅರವತ್ತು ದಾಟಿದವರು ಯಾರೋ ಆಸೆಪಟ್ಟು ಹತ್ತಿ ಬಿದ್ರೆ?"

ತಕರಾರಪ್ಪನವರು ಮತ್ತೆ ಪೆನ್ನು ಎತ್ತಿಕೊಂಡರು. ತಮ್ಮ ಬರವಣಿಗೆಯನ್ನು ಈಕೆ ಹೊಗಳಿದ್ದು ಇದೇ ಮೊದಲು. ಅದೇ ಆವೇಶದಲ್ಲಿ ಏಳನೆಯದನ್ನು ಸೇರಿಸಿದರು: "ಷಷ್ಟಿಪೂರ್ತಿ ದಾಟಿದ, ಸವಾರಿಯ ಗಂಧಗಾಳಿಯೂ ಇಲ್ಲದ ವ್ಯಕ್ತಿಯೊಬ್ಬರು ಅಶ್ವಾರೂಢರಾಗಿ ಸುರಕ್ಷಿತವಾಗಿ ಒಂದು ಸುತ್ತು ಬರಬಲ್ಲರೆಂಬುದನ್ನು ಅಧಿಕಾರಿಗಳ ಸಮಕ್ಷಮದಲ್ಲಿ ಪ್ರತ್ಯಕ್ಷ ತೋರಿಸದ ಹೊರತು ಅನುಮತಿ ನೀಡಕೂಡದು." ಹೆಂಡತಿ ಕಾಗದವನ್ನು ಮಡಿಸಿ, ನಾನೇ ರಿಜಿಸ್ಟರ್ ಮಾಡಿ ಬರ್ತೀನಿ ಕೊಡಿ ಎಂದು ಅಂಚೆ ಕಚೇರಿಗೂ ಹೋಗಿಬಂದರು. ಇಂಥ ಸಹಧರ್ಮಿಣಿ ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ತಕರಾರಪ್ಪನವರು ಅಂದು ಎರಡು ಸಲ ಯೋಚಿಸಿದರು.

ಹತ್ತೇ ದಿನದಲ್ಲಿ ವಿಚಾರಣೆಗೆ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಹೆಂಡತಿಗೆ ದರ್ಜಿಯ ಹತ್ತಿರ ಕೆಲಸವಿತ್ತು.

ಯೋಜನಾ ಕಚೇರಿಯ ಕೋಣೆಯಲ್ಲಿ ಗೋಡೆಯೇ ಕಾಣದಷ್ಟು ಕಡತಗಳು. ಮೇಜಿನ ಹಿಂದೆ ಅಧಿಕಾರಿ, ನೆಗಡಿಯಾಗಿದ್ದ ಕನ್ನಡಕದ ಹೆಂಗಸು. ಪಕ್ಕದಲ್ಲಿ ಗುಮಾಸ್ತ. ಎದುರಿಗೆ ಎರಡು ಕುರ್ಚಿ, ಒಂದು ಆಕ್ಷೇಪಣೆದಾರರಿಗೆ, ಒಂದು ಅರ್ಜಿದಾರರಿಗೆ. ತಕರಾರಪ್ಪನವರು ಕೂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದು ಅವರ ಹೆಂಡತಿ ಒಳಗೆ ಬಂದರು.

"ಬೀಗದ ಕೈ ನನ್ನ ಹತ್ರಾನೇ ಇದೆ ಕಣೇ," ಎಂದು ಪಿಸುಗುಟ್ಟಿದರು ತಕರಾರಪ್ಪನವರು. "ಇಲ್ಲೆಲ್ಲ ಬರಬಾರದು. ಹೊರಗಡೆ ಕೂತಿರು."

ಹೆಂಡತಿ ಹೊರಗೆ ಕೂರಲಿಲ್ಲ. ಎರಡನೆಯ ಕುರ್ಚಿಯಲ್ಲಿ ಕೂತು, ಚೀಲದಿಂದ ಕಾಗದದ ಕಟ್ಟು ತೆಗೆದರು.

"ಇವರು ಅರ್ಜಿದಾರರು," ಎಂದರು ಅಧಿಕಾರಿ. "ಇವರು ಆಕ್ಷೇಪಣೆದಾರರು. ನಿಮ್ಮಿಬ್ಬರಿಗೂ ಮೊದಲೇ ಪರಿಚಯ ಇದೆಯಾ?"

"ಸ್ವಲ್ಪ," ಎಂದರು ಹೆಂಡತಿ.

ಸರ್ವೆ ನಂಬರ್ ಎಂಬತ್ತೆಂಟು ಮಾವನವರು ಮಗಳಿಗೆ ಬಿಟ್ಟುಹೋದ ಎರಡೂವರೆ ಎಕರೆ. ಲೋಕದ ಜಮೀನಿನ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿದ್ದ ತಕರಾರಪ್ಪನವರು ಹೆಂಡತಿಯ ಜಮೀನಿನ ನಂಬರನ್ನು ಒಂದು ದಿನವೂ ಕೇಳಿರಲಿಲ್ಲ. ಕುರ್ಚಿ ಬಾಯಿ ತೆರೆದು ನುಂಗಿಬಿಡಬಾರದೇ ಅನ್ನಿಸಿತು. ಹೆಂಡತಿ ಮಾತ್ರ ಒಂದೊಂದೇ ಆಕ್ಷೇಪಣೆಗೆ ನಿಧಾನವಾಗಿ ಉತ್ತರ ಕೊಡುತ್ತ ಹೋದರು. ಲದ್ದಿ ಗೊಬ್ಬರಕ್ಕೆ ಬೇಕೆಂದು ಅಕ್ಕಪಕ್ಕದ ಹೂವಿನ ತೋಟದವರು ಈಗಲೇ ಸರದಿಯಲ್ಲಿ ನಿಂತು ಸಹಿ ಹಾಕಿದ್ದರು. ನೊಣಕ್ಕೆ ಪಶುವೈದ್ಯರ ಪತ್ರವಿತ್ತು. ನೀರಿಗೆ ಬಾವಿಯ ನಕ್ಷೆಯಿತ್ತು. ಮನೆಯಲ್ಲಿ ಕೂತು ಆರೂ ಆಕ್ಷೇಪಣೆಗಳನ್ನು ಮೊದಲೇ ಕೇಳಿಸಿಕೊಂಡವರ ಸಿದ್ಧತೆ ಅದು.

"ಆರೂ ಮುಗೀತು," ಎಂದು ಅಧಿಕಾರಿ ಮೂಗು ಒರೆಸಿಕೊಂಡರು. "ಏಳನೇದು ಮಾತಿನಲ್ಲಿ ಮುಗಿಯೋದಲ್ಲ, ಸ್ಥಳದಲ್ಲೇ ತೋರಿಸ್ಬೇಕು. ಗುರುವಾರ ಬರ್ತೀನಿ. ಅರವತ್ತು ದಾಟಿದವರು, ಸವಾರಿ ಗೊತ್ತಿಲ್ಲದವರು ಯಾರಾದ್ರೂ ಸಿಗ್ತಾರಾ?"

ಹೆಂಡತಿ ತಿರುಗಿ ನೋಡಿದರು. ಗುಮಾಸ್ತನೂ ತಿರುಗಿ ನೋಡಿದ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡಿದರು. ಕೊನೆಗೆ ತಕರಾರಪ್ಪನವರೇ ಬಾಯಿಬಿಟ್ಟರು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ಮದುವೆಯಾದ ವಾರಾನೇ ಹೇಳಿದ್ದೆ. ನೋಡೋಣ ಅಂದ್ರಿ."

"ಅದು ಬಿಡು. ಆಕ್ಷೇಪಣೆ ಬರೀವಾಗಲಾದ್ರೂ ತಡೀಬಹುದಿತ್ತು."

"ಯಾಕೆ ತಡೀಲಿ? ನಾನು ಮೂರು ಸಲ ಆ ಕಚೇರಿಗೆ ಅಲೆದೆ. ಯಾರೂ ತಕರಾರು ಮಾಡದ ಕಡತ ಕಪಾಟಲ್ಲೇ ಕೂತಿರುತ್ತಂತೆ, ವರ್ಷ ಆದ್ರೂ ಕೇಳೋರಿಲ್ಲ. ತಕರಾರು ಬಂತು ಅಂದ್ರೆ ಹತ್ತು ದಿನದಲ್ಲಿ ವಿಚಾರಣೆ ಮಾಡಲೇಬೇಕು, ನಿಯಮ. ಆ ಗುಮಾಸ್ತರೇ ಹೇಳಿದ್ರು. ಕುದುರೆಗಳಿಗೆ ಇರೋದು ಒಂದೇ ತಿಂಗಳು. ತಕರಾರು ಮಾಡೋರನ್ನ ಎಲ್ಲಿ ಹುಡುಕಲಿ ಅಂತ ಬಸ್ಸಲ್ಲಿ ಕೂತು ಯೋಚನೆ ಮಾಡಿದೆ. ಆಮೇಲೆ ನೆನಪಾಯ್ತು, ಮನೇಲೇ ಒಬ್ಬರು ಇದ್ದಾರಲ್ಲ."

ತಕರಾರಪ್ಪನವರಿಗೆ ನಾಚಿಕೆಯೂ ಆಯಿತು, ನೋವೂ ಆಯಿತು. ನೋವು ಮೋಸಹೋದದ್ದಕ್ಕಲ್ಲ, ಮೂವತ್ತನಾಲ್ಕು ವರ್ಷದ ಹಿಂದಿನ ಆ ಒಂದು ಮಾತನ್ನು ಈಕೆ ಮರೆತಿರಲಿಲ್ಲ, ತಾವು ಆಡಿದ ದಿನವೇ ಮರೆತಿದ್ದರು ಅನ್ನುವುದಕ್ಕೆ.

ಗುರುವಾರ ಬಯಲಿನಲ್ಲಿ ಬೂದು ಬಣ್ಣದ ಹೆಣ್ಣು ಕುದುರೆಯೊಂದು ನಿಂತಿತ್ತು. ನಾಲ್ಕರಲ್ಲಿ ಹಿರಿಯದು, ಸವಾರಿ ಶಾಲೆಯವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದದ್ದು. ತಕರಾರಪ್ಪನವರು ಮರದ ಪೆಟ್ಟಿಗೆ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಗುಮಾಸ್ತ ಹಿಂದಿನಿಂದ ಕಡತ ತಳ್ಳುವ ಅಭ್ಯಾಸದಲ್ಲೇ ತಳ್ಳಿದ. ಮೇಲೆ ಕೂತು ನೋಡಿದರೆ ನೆಲ ಬಾವಿಯ ತಳದಷ್ಟು ಕೆಳಗಿತ್ತು. ಅಜ್ಜಿಯ ಜೂಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗೊತ್ತಿದ್ದ ವ್ಯಾಕರಣ ಸೂತ್ರಗಳನ್ನೆಲ್ಲ ಹೇಳಿಕೊಂಡರು.

ಕಣ್ಣು ಬಿಟ್ಟಾಗ ಅರ್ಧ ಸುತ್ತು ಮುಗಿದಿತ್ತು. ಹೆಂಡತಿ ಹಗ್ಗ ಹಿಡಿದು ಮುಂದೆ ನಡೆಯುತ್ತ ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಆ ದನಿಯನ್ನು ತಕರಾರಪ್ಪನವರು ಈವರೆಗೆ ಕೇಳಿರಲಿಲ್ಲ. ಐವತ್ತೆಂಟರ ಹೆಂಗಸಿನ ನಡಿಗೆಯಲ್ಲಿ ಏಳು ವರ್ಷದ ಹುಡುಗಿಯ ಬಿರುಸಿತ್ತು.

ಸುತ್ತು ಮುಗಿಯಿತು. ಅಧಿಕಾರಿ ಹತ್ತಿರ ಬಂದು ಕೇಳಿದರು, "ಆಕ್ಷೇಪಣೆದಾರರೇ, ನಿಮಗೆ ಇನ್ನೂ ತಕರಾರಿದೆಯಾ? ಇದೆ ಅಂದ್ರೆ ನಾನು ಮೇಲಿನ ಕಚೇರಿಗೆ ಕಳಿಸಬೇಕಾಗುತ್ತೆ. ಅಲ್ಲಿ ಎರಡು ತಿಂಗಳು."

ಹೆಂಡತಿ ಹಗ್ಗವನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತ ನಿಂತಿದ್ದರು. ತಕರಾರಪ್ಪನವರಿಗೆ ಜೀನಿನ ಬಗ್ಗೆ ತಕರಾರಿತ್ತು, ತೊಡೆಯ ಉರಿಯ ಬಗ್ಗೆ ತಕರಾರಿತ್ತು, ಗುಮಾಸ್ತ ತಳ್ಳಿದ ರೀತಿಯ ಬಗ್ಗೆಯಂತೂ ಬಲವಾದ ತಕರಾರಿತ್ತು.

"ಇಲ್ಲ," ಎಂದರು. "ಏನೂ ಇಲ್ಲ."

ಗುಮಾಸ್ತ ಕಾಗದವನ್ನು ಮೇಲಕ್ಕೆ ಚಾಚಿದ. ಅಜ್ಜಿಯ ಕುತ್ತಿಗೆಯ ಮೇಲೆ ಅದನ್ನಿಟ್ಟು ತಕರಾರಪ್ಪನವರು ಜೀವಮಾನದಲ್ಲಿ ಮೊದಲ ಬಾರಿಗೆ, ಓದದೆ, ತಿದ್ದದೆ, ಸಹಿ ಹಾಕಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಪಾದವನ್ನು ಒಮ್ಮೆ ಮುಟ್ಟಿ ಅದುಮಿದರು. (ಕೈಗೆಟುಕಿದ್ದು ಅದೊಂದೇ.)

ಗುಮಾಸ್ತ ಕಾಗದವನ್ನು ವಾಪಸ್ ಪಡೆದು ಗಟ್ಟಿಯಾಗಿ ಓದಿದ: "ಏಳನೆಯ ಆಕ್ಷೇಪಣೆಯು ಅತ್ಯಂತ ಸಮಂಜಸವೆಂದು ಪರಿಗಣಿಸಿ, ಕೆಳಕಂಡ ಷರತ್ತಿನೊಡನೆ ಅನುಮತಿ ನೀಡಲಾಗಿದೆ. ಸದರಿ ಆಕ್ಷೇಪಣೆದಾರರು ಒಂದು ವರ್ಷದವರೆಗೆ ಪ್ರತಿ ಗುರುವಾರ ಅಶ್ವಾರೂಢರಾಗಿ ಒಂದು ಸುತ್ತು ಬಂದು, ಸುರಕ್ಷತೆಯ ಬಗ್ಗೆ ಲಿಖಿತ ವರದಿ ಸಲ್ಲಿಸತಕ್ಕದ್ದು. ಒಪ್ಪಿ ಸಹಿ ಹಾಕಿರುತ್ತಾರೆ."

"ಬನ್ನಿ ಮೇಡಂ, ಟೀ ಕುಡಿಯೋಣ," ಎಂದು ಹೆಂಡತಿ ಅಧಿಕಾರಿಯನ್ನು ಬಾವಿಯ ಕಡೆ ಕರೆದುಕೊಂಡು ಹೊರಟರು. ಗುಮಾಸ್ತ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಮರದ ಪೆಟ್ಟಿಗೆಯನ್ನು ಕೂರಲು ಬೇಕೆಂದು ಎತ್ತಿಕೊಂಡು ಅವರ ಹಿಂದೆ ನಡೆದ. ಹಗ್ಗ ಸಡಿಲವಾದದ್ದನ್ನು ತಿಳಿದ ಅಜ್ಜಿ ನಿಧಾನವಾಗಿ ಬಯಲಿನ ಆಚೆ ತುದಿಗೆ, ಹಸಿರು ಹುಲ್ಲಿದ್ದ ಕಡೆಗೆ ಹೆಜ್ಜೆ ಹಾಕಿತು. ತಕರಾರಪ್ಪನವರ ಬಳಿ ಎಂಟನೆಯ ಆಕ್ಷೇಪಣೆ ಸಿದ್ಧವಾಗಿತ್ತು. ಆದರೆ ಅದನ್ನು ಸಲ್ಲಿಸಬೇಕಾದರೆ ಮೊದಲು ಕೆಳಗಿಳಿಯಬೇಕಿತ್ತು.